ಕುಡಿಯದವರ ಲಿವರಿನಲ್ಲಿ ಕೊಬ್ಬು: ಹೆಪಟೈಟಿಸ್ ಸಿ ಜೀನೋಟೈಪ್ 3ರ ಒಂದು ಪ್ರಕರಣ

ರೋಗಿ ಗಂಡಸು, ವಯಸ್ಸು 46. ತೆಳ್ಳಗಿನ ಮೈಕಟ್ಟು, ಬಿಎಂಐ 21. ಕುಡಿಯುವ ಅಭ್ಯಾಸ ಇಲ್ಲ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಖಾಲಿ ಹೊಟ್ಟೆಯ ಶುಗರ್ ಅಂಚಿನಲ್ಲಿದೆ. ಹೇಳಿಕೊಳ್ಳುವ ತೊಂದರೆ ಒಂದೇ, ಸುಸ್ತು. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಎಎಲ್‌ಟಿ (ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕಿಣ್ವ) 92 ಬಂತು, ಅಂದರೆ ಜಾಸ್ತಿ. ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್ ಅಂತ ಬರೆದಿದ್ದರು. "ಎಣ್ಣೆ ಕಡಿಮೆ ಮಾಡಿ, ವಾಕಿಂಗ್ ಮಾಡಿ" ಎಂದು ಹೇಳಿ ಕಳಿಸಿದರು. ಆರು ತಿಂಗಳು ಬಿಟ್ಟು ನೋಡಿದರೆ ತೂಕ ಇನ್ನೂ ಎರಡು ಕೆಜಿ ಇಳಿದಿದೆ. ಲಿವರಿನ ಕೊಬ್ಬು ಮಾತ್ರ ಇದ್ದಲ್ಲೇ ಇದೆ.

ಈತ ನಿಜವಾದ ಒಬ್ಬ ವ್ಯಕ್ತಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹೆಪಟೈಟಿಸ್ ಸಿ ಲಿವರಿಗೆ ತಗಲುವ ವೈರಸ್ ಸೋಂಕು, ಜೀನೋಟೈಪ್ ಅಂದರೆ ಆ ವೈರಸ್ಸಿನ ಬಗೆ. ಜೀನೋಟೈಪ್ 3 ಹೆಪಟೈಟಿಸ್ ಸಿ ಇರುವವರಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರವನ್ನು ಒಬ್ಬನಲ್ಲಿ ಒಟ್ಟು ಮಾಡಿ ಬರೆದಿದ್ದೇನೆ. ಅವನ ರಿಪೋರ್ಟಿನ ಅಂಕಿಗಳು ಉದಾಹರಣೆಗೆ ಮಾತ್ರ. ಅವನ ಲಿವರ್ ಜೀವಕೋಶದೊಳಗೆ ಏನು ನಡೆಯುತ್ತದೆ ಅಂತ ಮುಂದೆ ಬರೆದಿರುವುದು ಮಾತ್ರ ಬೇರೆ ಬೇರೆ ಲ್ಯಾಬುಗಳು ವರ್ಷಗಟ್ಟಲೆ ಕೂತು ಬಿಡಿಸಿದ ಸಂಗತಿ.

ರಿಪೋರ್ಟಿನಲ್ಲಿ ಇನ್ನೊಂದು ಸುಳಿವಿತ್ತು. ಅದನ್ನು ಮನೆಯವರೆಲ್ಲ ಒಳ್ಳೇ ಸುದ್ದಿ ಅಂದುಕೊಂಡಿದ್ದರು. ಒಟ್ಟು ಕೊಲೆಸ್ಟರಾಲ್ 118, ಅದರಲ್ಲಿ 'ಕೆಟ್ಟದ್ದು' ಎನ್ನುವ ಎಲ್‌ಡಿಎಲ್ 56. ಈ ವಯಸ್ಸಿನಲ್ಲಿ, ಮಾತ್ರೆ ಇಲ್ಲದೆ, ಇಷ್ಟು ಕಡಿಮೆ! ಆದರೆ ಸ್ವಲ್ಪ ಯೋಚಿಸಿ. ಲಿವರ್ ತುಂಬ ಕೊಬ್ಬು ಇದೆ, ರಕ್ತದಲ್ಲಿ ಇರಬೇಕಾದಷ್ಟೂ ಇಲ್ಲ. ಬೊಜ್ಜಿನಿಂದ ಬರುವ ಫ್ಯಾಟಿ ಲಿವರಿನಲ್ಲಿ ಸಾಮಾನ್ಯವಾಗಿ ಹೀಗಿರುವುದಿಲ್ಲ. ಅಲ್ಲಿ ಟ್ರೈಗ್ಲಿಸರೈಡ್ ಜಾಸ್ತಿ ಇರುತ್ತದೆ, ಸೊಂಟದ ಸುತ್ತಳತೆಯೂ ಜಾಸ್ತಿ ಇರುತ್ತದೆ. ಇಲ್ಲಿ ಕೊಬ್ಬು ಲಿವರಿನೊಳಗೇ ಉಳಿದುಬಿಟ್ಟಿದೆ, ಹೊರಗೆ ಹೋಗುತ್ತಿಲ್ಲ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಡಾಕ್ಟರು ಹಳೆಯ ಕಥೆ ಕೇಳಿದರು. 1994ರಲ್ಲಿ ಬೈಕ್ ಅಪಘಾತ, ಆಪರೇಷನ್, ಎರಡು ಬಾಟಲಿ ರಕ್ತ. ಭಾರತದ ಬ್ಲಡ್ ಬ್ಯಾಂಕ್‌ಗಳಲ್ಲಿ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾಗಿದ್ದು 2000ದ ನಂತರ. ಅದಕ್ಕಿಂತ ಮುಂಚೆ ರಕ್ತ ಹಾಕಿಸಿಕೊಂಡವರಿಗೆ ಈ ಪರೀಕ್ಷೆ ಒಮ್ಮೆ ಮಾಡಿಸುವುದು ಸುಮ್ನೆ ಶಾಸ್ತ್ರಕ್ಕಲ್ಲ.

ಆ್ಯಂಟಿಬಾಡಿ ಪಾಸಿಟಿವ್ ಬಂತು. ವೈರಸ್ ಈಗಲೂ ಮೈಯಲ್ಲಿದೆಯೇ ಎಂದು ಹೇಳುವ ಆರ್‌ಎನ್‌ಎ ಪರೀಕ್ಷೆಯೂ ಪಾಸಿಟಿವ್, ವೈರಸ್ ಪ್ರಮಾಣ ಲಕ್ಷಗಳಲ್ಲಿ. ಜೀನೋಟೈಪ್ 3ಎ, ಅಂದರೆ ಮೂರನೆಯದರ ಒಂದು ಉಪಬಗೆ. ಫೈಬ್ರೋಸ್ಕ್ಯಾನ್‌ನಲ್ಲಿ ಲಿವರ್ ಸ್ವಲ್ಪ ಗಟ್ಟಿಯಾಗಿದೆ, ಆದರೆ ಸಿರೋಸಿಸ್ (ಲಿವರ್ ತುಂಬ ಗಾಯದ ಕಲೆ) ಮಟ್ಟಕ್ಕೆ ಹೋಗಿಲ್ಲ.

ಭಾರತದಲ್ಲಿ ಅತಿ ಹೆಚ್ಚು ಕಾಣುವುದು ಈ ಜೀನೋಟೈಪ್ 3. ದಕ್ಷಿಣದಲ್ಲಿ ಜೀನೋಟೈಪ್ 1ರ ಪಾಲು ಉತ್ತರಕ್ಕಿಂತ ಜಾಸ್ತಿ, ಆದರೂ 3 ಇಲ್ಲೂ ಸಾಮಾನ್ಯ. ನನಗೆ ಈ ಪ್ರಕರಣ ಮುಖ್ಯ ಅನಿಸುವುದು ಅದಕ್ಕೇ. ಜೀನೋಟೈಪ್ 1 ಇರುವವರ ಲಿವರಿನಲ್ಲಿ ಕೊಬ್ಬು ಇದ್ದರೆ ಅದಕ್ಕೆ ಬಹುಪಾಲು ತೂಕ, ಸಕ್ಕರೆ ಕಾರಣ. ಜೀನೋಟೈಪ್ 3ರಲ್ಲಿ ಕೊಬ್ಬು ಹಾಕುವುದು ವೈರಸ್ಸೇ. ವೈರಸ್ ಜಾಸ್ತಿ ಇದ್ದಷ್ಟೂ ಕೊಬ್ಬು ಜಾಸ್ತಿ. ಊಟ ತಿದ್ದಿದರೆ ಈ ಕೊಬ್ಬು ಹೋಗುವುದಿಲ್ಲ.

ಒಳಗೆ ಬಂದವನು ಯಾರು

ಹೆಪಟೈಟಿಸ್ ಸಿ ವೈರಸ್ಸನ್ನು 1989ರಲ್ಲಿ ಮೈಕೆಲ್ ಹೌಟನ್ ತಂಡ ಗುರುತಿಸಿತು. ಹೌಟನ್, ಹಾರ್ವೆ ಆಲ್ಟರ್, ಚಾರ್ಲ್ಸ್ ರೈಸ್ ಮೂವರಿಗೂ 2020ರಲ್ಲಿ ನೊಬೆಲ್ ಬಂತು. ವೈರಸ್ಸಿನ ಜೀನೋಮ್ ಒಂದು ಎಳೆ ಆರ್‌ಎನ್‌ಎ, ಸುಮಾರು 9,600 ಅಕ್ಷರ. ಅಷ್ಟೇ. ಅದು ಜೀವಕೋಶದ ರೈಬೋಸೋಮಿಗೆ, ಅಂದರೆ ಪ್ರೋಟೀನ್ ತಯಾರಿಸುವ ಯಂತ್ರಕ್ಕೆ, ಸಿಕ್ಕಿದ ಕೂಡಲೇ ಸುಮಾರು 3,000 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಪ್ರೋಟೀನ್ ತಯಾರಾಗುತ್ತದೆ. ಆಮೇಲೆ ಅದನ್ನು ಹತ್ತು ತುಂಡು ಮಾಡಲಾಗುತ್ತದೆ. ಕೆಲವು ಕಡೆ ಕತ್ತರಿಸುವುದು ನಮ್ಮದೇ ಜೀವಕೋಶದ ಕಿಣ್ವಗಳು, ಉಳಿದ ಕಡೆ ವೈರಸ್ಸಿನ ಸ್ವಂತ ಕಿಣ್ವಗಳು.

ಈ ವೈರಸ್ ಡಿಎನ್‌ಎ ಆಗುವುದಿಲ್ಲ, ನ್ಯೂಕ್ಲಿಯಸ್ಸಿನೊಳಗೆ ಸೇರಿಕೊಂಡು ಕೂರುವುದೂ ಇಲ್ಲ. ಅದರ ಬದುಕೆಲ್ಲ ನ್ಯೂಕ್ಲಿಯಸ್ಸಿನ ಹೊರಗೆ, ಸೈಟೋಪ್ಲಾಸಮ್ಮಿನಲ್ಲಿ. ಇದು ನೆನಪಿರಲಿ, ಗುಣವಾಗುವ ವಿಷಯಕ್ಕೆ ಬಂದಾಗ ಬೇಕಾಗುತ್ತದೆ. ಇನ್ನೊಂದು ವಿಷಯ. ಲಿವರ್ ಜೀವಕೋಶವನ್ನು ತಕ್ಷಣ ಕೊಂದರೆ ವೈರಸ್ಸಿಗೇ ನಷ್ಟ. ಒಬ್ಬ ರೋಗಿಯಲ್ಲಿ ದಿನಕ್ಕೆ ಸುಮಾರು ಲಕ್ಷ ಕೋಟಿ ವೈರಸ್ ಕಣಗಳು ಹುಟ್ಟುತ್ತವೆ ಎಂದು 1998ರ ಲೆಕ್ಕ. ಇಪ್ಪತ್ತು, ಮೂವತ್ತು ವರ್ಷ ಇಷ್ಟು ಉತ್ಪಾದನೆ ನಡೆಯಬೇಕಾದರೆ ಜೀವಕೋಶ ಬದುಕಿರಬೇಕು, ಆದರೆ ವೈರಸ್ ಹೇಳಿದ ಹಾಗೆ ಕೆಲಸ ಮಾಡಬೇಕು. ಈ ಹತ್ತು ಪ್ರೋಟೀನುಗಳು ಮಾಡುವುದು ಅದನ್ನೇ.

ಕೋರ್ ಪ್ರೋಟೀನ್ ಮತ್ತು ಕೊಬ್ಬಿನ ಹನಿ

ಹತ್ತರಲ್ಲಿ ಮೊದಲನೆಯದು ಕೋರ್. ವೈರಸ್ಸಿನ ಆರ್‌ಎನ್‌ಎ ಸುತ್ತ ಕವಚ ಕಟ್ಟುವುದು ಇದರ ಅಧಿಕೃತ ಕೆಲಸ. ಹುಟ್ಟಿದಾಗ 191 ಅಮೈನೋ ಆಮ್ಲ ಉದ್ದ. ನಮ್ಮ ಜೀವಕೋಶದ ಒಂದು ಕಿಣ್ವ ಬಾಲದ ತುಂಡನ್ನು ಕತ್ತರಿಸಿ ಹಾಕಿದ ಮೇಲೆ ಸುಮಾರು 177 ಉಳಿಯುತ್ತದೆ. ಕತ್ತರಿಸಿದ ಮೇಲೇ ಅದು ತಾನು ಹುಟ್ಟಿದ ಪೊರೆಗಳ ಜಾಲ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಬಿಟ್ಟು ಕೊಬ್ಬಿನ ಹನಿಗಳ ಮೇಲೆ ಹೋಗಿ ಕೂರಬಲ್ಲದು.

ಈ ಹನಿಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪ್ರತಿ ಲಿವರ್ ಜೀವಕೋಶದಲ್ಲೂ ಇವು ಇರುತ್ತವೆ. ಒಳಗೆ ಟ್ರೈಗ್ಲಿಸರೈಡ್, ಹೊರಗೆ ಒಂದೇ ಪದರದ ತೆಳು ಪೊರೆ, ಪೊರೆಯ ಮೇಲೆ ಎಡಿಆರ್‌ಪಿ ಎಂಬ ಪ್ರೋಟೀನ್. ಸಾಮಾನ್ಯವಾಗಿ ಇವು ಜೀವಕೋಶದ ತುಂಬ ಅಲ್ಲಲ್ಲಿ ಚದುರಿರುತ್ತವೆ. ಕೋರ್ ಬಂದ ಮೇಲೆ ಚಿತ್ರವೇ ಬದಲಾಗುತ್ತದೆ. ಅದು ಹನಿಯ ಮೇಲ್ಮೈಯನ್ನು ಸ್ವಲ್ಪ ಸ್ವಲ್ಪವೇ ಆವರಿಸುತ್ತದೆ, ಎಡಿಆರ್‌ಪಿ ಜಾಗ ಖಾಲಿ ಮಾಡುತ್ತಾ ಹೋಗುತ್ತದೆ. ಆಮೇಲೆ ಹನಿಗಳು ಜೀವಕೋಶದೊಳಗಿನ ಹಳಿಗಳಂಥ ಮೈಕ್ರೊಟ್ಯೂಬ್ಯೂಲುಗಳ ಮೇಲೆ ಸಾಗಿ ನ್ಯೂಕ್ಲಿಯಸ್ಸಿನ ಪಕ್ಕ ಗುಂಪುಗೂಡುತ್ತವೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ತಂಡ 2008ರಲ್ಲಿ ಇದನ್ನು ಹಂತಹಂತವಾಗಿ ತೋರಿಸಿತು. ಅಲ್ಲೇ ಯಾಕೆ ಗುಂಪುಗೂಡಬೇಕು? ವೈರಸ್ಸಿನ ಆರ್‌ಎನ್‌ಎ ನಕಲಾಗುವ ಪೊರೆಗಳು ಹತ್ತಿರದಲ್ಲೇ ಇವೆ. ಹೊಸ ಕಣ ಜೋಡಣೆಯಾಗುವುದೇ ಈ ಹನಿಗಳ ಸುತ್ತ ಎಂದು ಜಪಾನಿನ ಮಿಯಾನಾರಿ ಮತ್ತು ಶಿಮೊಟೊನೊ ಅವರ ತಂಡ 2007ರಲ್ಲೇ ಹೇಳಿತ್ತು. ಅಂದರೆ ಕೊಬ್ಬು ಇಲ್ಲಿ ಸೋಂಕಿನಿಂದಾದ ಆಕಸ್ಮಿಕ ಗಾಯವಲ್ಲ. ವೈರಸ್ಸಿಗೆ ಅದು ಬೇಕು.

ಬೇಕಾದ ಮೇಲೆ ಉಳಿಸಿಕೊಳ್ಳಬೇಕಲ್ವಾ? ಕೊಬ್ಬಿನ ಹನಿ ಕರಗುವ ವೇಗವನ್ನು ಕೋರ್ ತಗ್ಗಿಸುತ್ತದೆ. ಕಣಜದ ಬಾಗಿಲಿಗೆ ಅಡ್ಡ ಕೂತು ಒಳಗಿನ ಧಾನ್ಯ ಖರ್ಚಾಗದಂತೆ ನೋಡಿಕೊಂಡ ಹಾಗೆ. ಟ್ರೈಗ್ಲಿಸರೈಡ್ ತಯಾರಿಸುವ ಕೊನೆಯ ಹಂತದ ಕಿಣ್ವ ಡಿಜಿಎಟಿ1. ಕೋರ್ ಹನಿಯ ಮೇಲೆ ಬಂದು ಕೂರುವುದಕ್ಕೆ ಈ ಕಿಣ್ವ ಬೇಕೇ ಬೇಕು. ಅದನ್ನು ತಡೆದರೆ ಹೊಸ ವೈರಸ್ ಕಣಗಳ ಉತ್ಪಾದನೆ ಕುಸಿಯುತ್ತದೆ ಎಂದು ಸ್ಯಾನ್ ಫ್ರಾನ್ಸಿಸ್ಕೋದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯವರು 2010ರಲ್ಲಿ ಕಂಡರು.

ಈಗ ರಕ್ತದ ಕಡೆಗೆ ಬರೋಣ. ಆರೋಗ್ಯವಂತ ಲಿವರ್ ತನ್ನ ಟ್ರೈಗ್ಲಿಸರೈಡನ್ನು ವಿಎಲ್‌ಡಿಎಲ್ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಹಾಗೆ ತುಂಬುವ ಪ್ರೋಟೀನಿನ ಹೆಸರು ಎಂಟಿಪಿ. ಇಲಿಗಳ ಲಿವರಿನಲ್ಲಿ ಕೋರ್ ಪ್ರೋಟೀನ್ ಮಾತ್ರ ತಯಾರಾಗುವಂತೆ ಮಾಡಿ ನೋಡಿದಾಗ ಎಂಟಿಪಿ ಚಟುವಟಿಕೆ ತಗ್ಗಿತು, ವಿಎಲ್‌ಡಿಎಲ್ ಬಿಡುಗಡೆಯೂ ತಗ್ಗಿತು. 2002ರ ಈ ಕೆಲಸದ ನಂತರ ರೋಗಿಗಳ ಬಯಾಪ್ಸಿಯಲ್ಲೂ ಹುಡುಕಿದರು. ಜೀನೋಟೈಪ್ 3 ಇದ್ದವರ ಲಿವರಿನಲ್ಲಿ ಎಂಟಿಪಿ ಕಡಿಮೆಯಾಗಿರುವುದು ಕಂಡಿತು. ನಮ್ಮ ರೋಗಿಯ 56ರ ಎಲ್‌ಡಿಎಲ್‌ಗೆ ಒಂದು ವಿವರಣೆ ಸಿಕ್ಕಿತು. ವಿಎಲ್‌ಡಿಎಲ್ಲೇ ಮುಂದೆ ಎಲ್‌ಡಿಎಲ್ ಆಗುವುದು. ಅದು ಹೊರಗೇ ಬರದಿದ್ದರೆ ಎಲ್‌ಡಿಎಲ್ ಎಲ್ಲಿಂದ ಬರಬೇಕು? ಇದರ ಜೊತೆಗೆ ಕೊಲೆಸ್ಟರಾಲ್ ತಯಾರಿಕೆಯ ಕೊನೆಯ ಹಂತಗಳಿಗೂ ಜೀನೋಟೈಪ್ 3 ಅಡ್ಡಿ ಮಾಡುತ್ತದೆ.

ಇಲ್ಲೊಂದು ಗಂಟು ಇದೆ. ವೈರಸ್ ಕಣ ಹೊರಗೆ ಹೋಗುವುದೂ ವಿಎಲ್‌ಡಿಎಲ್ ಹೋಗುವ ದಾರಿಯನ್ನೇ ಹಿಡಿದು. ರಕ್ತದಲ್ಲಿ ಅದು ಅಪೊ-ಇ, ಅಪೊ-ಬಿ ಪ್ರೋಟೀನುಗಳನ್ನು ಅಂಟಿಸಿಕೊಂಡು, ಅರ್ಧ ಲಿಪೊಪ್ರೋಟೀನ್ (ರಕ್ತದಲ್ಲಿ ಕೊಬ್ಬು ಹೊರುವ ಕಣ), ಅರ್ಧ ವೈರಸ್ ಆಗಿ ಓಡಾಡುತ್ತದೆ. ಹಾಗಿರುವಾಗ ಅದೇ ದಾರಿಯನ್ನು ಕಟ್ಟಿಹಾಕಿದರೆ ತನಗೇ ತೊಂದರೆ ಅಲ್ವಾ? ಪೂರ್ತಿ ಕಟ್ಟುವುದಿಲ್ಲ, ನಿಧಾನ ಮಾಡುತ್ತದೆ, ಅಷ್ಟರಲ್ಲಿ ಎರಡೂ ಕೆಲಸ ಸಾಗುತ್ತದೆ ಎಂದು ನಾನು ಓದಿಕೊಳ್ಳುತ್ತೇನೆ.

ಒಂದೇ ಅಮೈನೋ ಆಮ್ಲ

ಎಲ್ಲ ಜೀನೋಟೈಪ್‌ಗಳಲ್ಲೂ ಕೋರ್ ಇದೆ. ಹಾಗಾದರೆ ಮೂರನೆಯದು ಮಾತ್ರ ಯಾಕೆ ಇಷ್ಟು ಕೊಬ್ಬು ತುಂಬುತ್ತದೆ? ಫ್ರಾನ್ಸಿನ ಒಂದು ತಂಡ 2007ರಲ್ಲಿ ಕೋರ್‌ನ 164ನೇ ಸ್ಥಾನವನ್ನು ನೋಡಿತು. ಬೇರೆ ಜೀನೋಟೈಪ್‌ಗಳಲ್ಲಿ ಆ ಜಾಗದಲ್ಲಿ ಟೈರೋಸಿನ್ ಇದೆ. 3ಎಯಲ್ಲಿ ಫಿನೈಲ್‌ಅಲನಿನ್. ಈ ಎರಡಕ್ಕೂ ಇರುವ ವ್ಯತ್ಯಾಸ ಒಂದು ಆಮ್ಲಜನಕದ ಪರಮಾಣು ಮಾತ್ರ. ಟೈರೋಸಿನ್‌ಗೆ ನೀರಿನ ಜೊತೆ ಬೆರೆಯುವ ಒಂದು ತುದಿ ಇದೆ, ಫಿನೈಲ್‌ಅಲನಿನ್‌ಗೆ ಇಲ್ಲ. 164ನೇ ಸ್ಥಾನ ಇರುವುದು ಕೋರ್ ಕೊಬ್ಬಿನ ಹನಿಗೆ ಅಂಟಿಕೊಳ್ಳುವ ಭಾಗದಲ್ಲೇ. ಬೇರೆ ಜೀನೋಟೈಪ್‌ನ ಕೋರ್‌ನಲ್ಲಿ ಈ ಒಂದು ಅಮೈನೋ ಆಮ್ಲ ಬದಲಿಸಿದಾಗ ಜೀವಕೋಶದಲ್ಲಿ ಕೊಬ್ಬು ಜಾಸ್ತಿಯಾಯಿತು.

ಇಡೀ ಕಥೆ ಈ ಒಂದು ಪರಮಾಣುವಿನಲ್ಲೇ ಇದೆ ಅಂತ ನಾನು ಹೇಳುವುದಿಲ್ಲ. 3ಎ ಕೋರ್ ಕೊಬ್ಬಿನಾಮ್ಲ ತಯಾರಿಸುವ ಜೀನ್‌ಗಳನ್ನೂ ಚುರುಕು ಮಾಡುತ್ತದೆ, ಪಿಟೆನ್ ಎಂಬ ನಿಯಂತ್ರಕ ಪ್ರೋಟೀನಿನ ಪ್ರಮಾಣವನ್ನೂ ತಗ್ಗಿಸುತ್ತದೆ. ಆದರೆ ಅಣುಮಟ್ಟದ ಇಷ್ಟು ಸಣ್ಣ ಬದಲಾವಣೆ ಸ್ಕ್ಯಾನಿಂಗ್ ಪರದೆಯ ಮೇಲೆ ಕಾಣುವ ಕಾಯಿಲೆಯವರೆಗೆ ಎಳೆ ಹಿಡಿದು ಬರುವುದು ವೈದ್ಯಕೀಯದಲ್ಲಿ ಅಪರೂಪ.

ಟೋಕಿಯೋದ ಇಲಿಗಳು

ಕೋರ್ ಮೇಲಿನ ಆರೋಪಗಳನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. 2005ರವರೆಗೆ ಈ ವೈರಸ್ಸನ್ನು ಲ್ಯಾಬಿನಲ್ಲಿ ಸರಿಯಾಗಿ ಬೆಳೆಸಲು ಆಗುತ್ತಿರಲಿಲ್ಲ. ಹಾಗಾಗಿ ಒಂದೊಂದೇ ಪ್ರೋಟೀನನ್ನು ಜೀವಕೋಶದಲ್ಲಿ ಬಲವಂತವಾಗಿ ತಯಾರಿಸಿ ಏನಾಗುತ್ತದೆ ಎಂದು ನೋಡುತ್ತಿದ್ದರು. ಯಾವುದೇ ಪ್ರೋಟೀನನ್ನು ಅತಿಯಾಗಿ ತುಂಬಿದರೆ ಜೀವಕೋಶ ಏನಾದರೂ ಎಡವಟ್ಟು ಮಾಡಿಕೊಳ್ಳುತ್ತದೆ. ಆ ಕಾಲದ ಪೇಪರುಗಳನ್ನು ಓದಿದರೆ ಕೋರ್ ಮಾಡದ ಅಪರಾಧವೇ ಇಲ್ಲ ಅನಿಸುತ್ತದೆ. 2005ರಲ್ಲಿ ಟಕಾಜಿ ವಕಿಟಾ ಮತ್ತು ಜೊತೆಗಾರರು, ತೀವ್ರ ಹೆಪಟೈಟಿಸ್ ಬಂದಿದ್ದ ಜಪಾನಿನ ಒಬ್ಬ ರೋಗಿಯಿಂದ ಸಿಕ್ಕ ಜೆಎಫ್‌ಎಚ್-1 ತಳಿ ಲ್ಯಾಬಿನಲ್ಲಿ ಪೂರ್ತಿ ಬೆಳೆಯುತ್ತದೆ ಎಂದು ತೋರಿಸಿದರು. ಮೇಲೆ ಹೇಳಿದ 2007ರ ಕೊಬ್ಬಿನ ಹನಿಯ ಕೆಲಸ ಸಾಧ್ಯವಾಗಿದ್ದು ಈ ತಳಿಯಿಂದಲೇ.

ಆದರೆ ಹಳೆಯ ಪ್ರಯೋಗಗಳಲ್ಲಿ ಒಂದು ಮಾತ್ರ ಗಟ್ಟಿಯಾಗಿ ನಿಂತಿದೆ. ಟೋಕಿಯೋದಲ್ಲಿ ಮೊರಿಯಾ, ಕೊಯಿಕೆ ಮತ್ತು ಸಂಗಡಿಗರು ಲಿವರಿನಲ್ಲಿ ಕೋರ್ ಮಾತ್ರ ತಯಾರಿಸುವ ಇಲಿಗಳನ್ನು ಬೆಳೆಸಿದರು. ಪ್ರೋಟೀನ್ ಪ್ರಮಾಣ ರೋಗಿಗಳ ಲಿವರಿನಲ್ಲಿ ಇರುವಷ್ಟೇ, ಅತಿ ಇಲ್ಲ. ಮೂರು ತಿಂಗಳಿಗೆ ಲಿವರಿನಲ್ಲಿ ಕೊಬ್ಬು ಬಂತು. ಹದಿನಾರು ತಿಂಗಳ ನಂತರ ಲಿವರ್ ಕ್ಯಾನ್ಸರ್ ಬಂತು, ಅದೂ ಹೆಚ್ಚಾಗಿ ಗಂಡು ಇಲಿಗಳಲ್ಲಿ. 1998ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಗಮನಿಸಬೇಕಾದ್ದು, ಆ ಲಿವರುಗಳಲ್ಲಿ ಉರಿಯೂತ ಇರಲಿಲ್ಲ. ಹೆಪಟೈಟಿಸ್ ಸಿಯಲ್ಲಿ ಹಾನಿಯೆಲ್ಲ ನಮ್ಮದೇ ಪ್ರತಿರೋಧ ವ್ಯವಸ್ಥೆ ಮಾಡುವುದು, ವೈರಸ್ ತಾನಾಗಿ ಏನೂ ಮಾಡುವುದಿಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಮನುಷ್ಯರಲ್ಲಿ ಎರಡೂ ಕೈ ಸೇರಿವೆ. ಗಾಯದ ಕಲೆ, ಅಂದರೆ ಫೈಬ್ರೋಸಿಸ್, ಬಹುಪಾಲು ಉರಿಯೂತದ ಕೆಲಸ. ಕೊಬ್ಬು ವೈರಸ್ಸಿನದು.

ಅವೇ ಇಲಿಗಳಲ್ಲಿ ಇನ್ನೆರಡು ಸಂಗತಿ ಕಂಡವು. ಕೋರ್ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಮೇಲೂ ಹೋಗಿ ಕೂರುತ್ತದೆ. ಅಲ್ಲಿ ಎಲೆಕ್ಟ್ರಾನ್ ಸಾಗುವ ಸಾಲು ಸೋರತೊಡಗುತ್ತದೆ, ಆಕ್ಸಿಡೆಂಟುಗಳು ಹೆಚ್ಚುತ್ತವೆ, ಸುತ್ತ ಇರುವ ಕೊಬ್ಬು ಹಾಳಾಗುತ್ತದೆ. ಎರಡನೆಯದು ಇನ್ಸುಲಿನ್. ದಪ್ಪ ಆಗದೆಯೇ ಆ ಇಲಿಗಳ ಲಿವರ್ ಇನ್ಸುಲಿನ್ ಮಾತು ಕೇಳುವುದನ್ನು ಬಿಟ್ಟಿತು. ನಮ್ಮ ರೋಗಿಯ ಅಂಚಿನ ಶುಗರನ್ನು ಈ ಬೆಳಕಿನಲ್ಲಿ ನೋಡಬಹುದು. ಕೋರ್‌ಗೆ ಜೀವಕೋಶದ ಪಿಎ28-ಗಾಮಾ ಎಂಬ ಪ್ರೋಟೀನಿನ ಜೊತೆಗಾರಿಕೆ ಬೇಕು. ಅದಿಲ್ಲದ ಇಲಿಗಳಲ್ಲಿ ಕೋರ್ ಇದ್ದರೂ ಕೊಬ್ಬೂ ಬರಲಿಲ್ಲ, ಕ್ಯಾನ್ಸರೂ ಬರಲಿಲ್ಲ.

ಪೊಲೀಸರಿಗೆ ಫೋನ್ ಹೋಗದ ಹಾಗೆ

ಇಷ್ಟೆಲ್ಲ ಇಪ್ಪತ್ತೆಂಟು, ಮೂವತ್ತು ವರ್ಷ ನಡೆಯುತ್ತಿದ್ದರೂ ಜೀವಕೋಶ ಕೂಗಿಕೊಳ್ಳಲಿಲ್ಲ ಯಾಕೆ? ಇದಕ್ಕೆ ಕಾರಣ ಬೇರೆ ಪ್ರೋಟೀನ್, ಎನ್‌ಎಸ್3/4ಎ. ಉದ್ದನೆಯ ವೈರಸ್ ಪ್ರೋಟೀನನ್ನು ತುಂಡು ಮಾಡುವ ಕಿಣ್ವ ಇದು. ಜೊತೆಗೆ ನಮ್ಮ ಒಂದು ಪ್ರೋಟೀನನ್ನೂ ಕತ್ತರಿಸುತ್ತದೆ.

ಜೀವಕೋಶದಲ್ಲಿ ರಿಗ್-ಐ ಎಂಬ ಪ್ರೋಟೀನ್ ಅಪರಿಚಿತ ಆರ್‌ಎನ್‌ಎ ಗುರುತಿಸುತ್ತದೆ. ಅದು ಸುದ್ದಿ ಮುಟ್ಟಿಸುವುದು ಮ್ಯಾವ್ಸ್ ಎಂಬ ಇನ್ನೊಂದು ಪ್ರೋಟೀನಿಗೆ. ಮ್ಯಾವ್ಸ್ ಮೈಟೋಕಾಂಡ್ರಿಯಾದ ಹೊರಪೊರೆಯಲ್ಲಿ ಬಾಲ ಊರಿಕೊಂಡಿರುತ್ತದೆ. ಅಲ್ಲಿಂದ ಸಂದೇಶ ಹೊರಟರೆ ವೈರಸ್ ವಿರುದ್ಧ ಎಚ್ಚರಿಕೆ ಕೊಡುವ ಇಂಟರ್‌ಫೆರಾನ್ ತಯಾರಾಗುತ್ತದೆ. ಎನ್‌ಎಸ್3/4ಎ ಮ್ಯಾವ್ಸ್‌ನ 508ನೇ ಸ್ಥಾನದಲ್ಲಿ, ಬಾಲಕ್ಕೆ ಸ್ವಲ್ಪ ಮುಂಚೆ, ಕತ್ತರಿಸುತ್ತದೆ. ಮ್ಯಾವ್ಸ್ ಪೊರೆಯಿಂದ ಕಳಚಿ ಬೀಳುತ್ತದೆ. ಹೀಗೆ ಕಳಚಿದ ಮ್ಯಾವ್ಸ್ ಸಂದೇಶ ಕಳಿಸಲಾರದು. 2005ರಲ್ಲಿ ನಾಲ್ಕು ಲ್ಯಾಬುಗಳು ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಈ ಪ್ರೋಟೀನನ್ನು ಕಂಡುಹಿಡಿದು ನಾಲ್ಕು ಹೆಸರಿಟ್ಟವು, ಓದುವವರಿಗೆ ಇವತ್ತಿಗೂ ಗೋಜಲು. ಟ್ರಿಫ್ ಎಂಬ ಮತ್ತೊಂದು ಸಂದೇಶವಾಹಕವನ್ನೂ ಇದೇ ಕಿಣ್ವ ಕತ್ತರಿಸುತ್ತದೆ.

ವೈರಸ್ಸಿನ ಉಳಿದ ಪ್ರೋಟೀನುಗಳಲ್ಲಿ ಮುಖ್ಯವಾದವನ್ನು ಬೇಗ ಮುಗಿಸುತ್ತೇನೆ. ಇ1, ಇ2 ವೈರಸ್ಸಿನ ಹೊರಮೈಯ ಪ್ರೋಟೀನುಗಳು, ಜೀವಕೋಶದ ಮೇಲಿರುವ ಸಿಡಿ81 ಮುಂತಾದ ಪ್ರೋಟೀನುಗಳನ್ನು ಹಿಡಿದು ಒಳಗೆ ಬರಲು. ಎನ್‌ಎಸ್4ಬಿ ಪೊರೆಗಳನ್ನು ತಿರುಚಿ ಆರ್‌ಎನ್‌ಎ ನಕಲು ಮಾಡುವ ಗೂಡು ಕಟ್ಟುತ್ತದೆ. ಎನ್‌ಎಸ್5ಎ ಜೀವಕೋಶದ ಲಿಪಿಡ್ ಕೈನೇಸ್ ಎಂಬ ಒಂದು ಕಿಣ್ವವನ್ನು ಚುರುಕುಗೊಳಿಸಿ ಆ ಗೂಡಿಗೆ ಬೇಕಾದ ಪೊರೆ ಒದಗಿಸುತ್ತದೆ. ಎನ್‌ಎಸ್5ಬಿ ಆರ್‌ಎನ್‌ಎ ನಕಲು ತೆಗೆಯುವ ಕಿಣ್ವ. ಅದು ಪ್ರೂಫ್ ನೋಡುವುದಿಲ್ಲ, ತಪ್ಪುಗಳು ಹಾಗೇ ಉಳಿಯುತ್ತವೆ. ಹಾಗಾಗಿ ವೈರಸ್ ಸದಾ ರೂಪ ಬದಲಿಸುತ್ತದೆ, ಇವತ್ತಿಗೂ ಲಸಿಕೆ ಇಲ್ಲ.

ಚಿಕಿತ್ಸೆ, ಆಮೇಲೆ

ನಮ್ಮ ರೋಗಿಗೆ ಕೊಟ್ಟಿದ್ದು ಸೊಫೊಸ್ಬುವಿರ್ ಮತ್ತು ಡಕ್ಲಾಟಾಸ್ವಿರ್, ದಿನಕ್ಕೊಂದು ಬಾರಿ, 12 ವಾರ. ಮೊದಲನೆಯದು ಎನ್‌ಎಸ್5ಬಿಯನ್ನು ಅರ್ಧಕ್ಕೆ ನಿಲ್ಲಿಸುತ್ತದೆ, ಎರಡನೆಯದು ಎನ್‌ಎಸ್5ಎಯನ್ನು. ಮಾತ್ರೆಗಳು ಕೋರ್ ಅನ್ನು ಮುಟ್ಟುವುದೇ ಇಲ್ಲ. ಮುಟ್ಟಬೇಕಾಗಿಯೂ ಇಲ್ಲ. ಆರ್‌ಎನ್‌ಎ ನಕಲು ನಿಂತರೆ ಹೊಸ ಕೋರ್ ತಯಾರಾಗುವುದಿಲ್ಲ, ಇದ್ದದ್ದು ಸವೆದು ಹೋಗುತ್ತದೆ. ಡಿಎನ್‌ಎ ರೂಪದಲ್ಲಿ ಬಚ್ಚಿಟ್ಟ ಪ್ರತಿ ಇಲ್ಲದ ಕಾರಣ ಸೋಂಕು ಪೂರ್ತಿ ಹೋಗುತ್ತದೆ.

ಸೊಫೊಸ್ಬುವಿರ್ ಅಮೆರಿಕದಲ್ಲಿ ಬಂದಾಗ ಒಂದು ಮಾತ್ರೆಗೆ 1,000 ಡಾಲರ್, ಒಂದು ಕೋರ್ಸಿಗೆ 84,000. 2014ರಲ್ಲಿ ಗಿಲಿಯಡ್ ಕಂಪನಿ ಭಾರತದ ಏಳು ಕಂಪನಿಗಳಿಗೆ ತಯಾರಿಸುವ ಲೈಸೆನ್ಸ್ ಕೊಟ್ಟಿತು, ಬೆಂಗಳೂರಿನ ಸ್ಟ್ರೈಡ್ಸ್ ಅದರಲ್ಲೊಂದು. ಬೆಲೆ ಪಾತಾಳಕ್ಕೆ ಇಳಿಯಿತು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ.

ಜೀನೋಟೈಪ್ 3 ಈ ಔಷಧಿಗಳಿಗೂ ಸ್ವಲ್ಪ ಮೊಂಡು. 2015ರ ಆ್ಯಲಿ-3 ಅಧ್ಯಯನದಲ್ಲಿ ಇದೇ ಎರಡು ಮಾತ್ರೆಗಳಿಂದ ಸಿರೋಸಿಸ್ ಇಲ್ಲದವರಲ್ಲಿ ಶೇ. 96 ಜನ ಗುಣವಾದರು, ಸಿರೋಸಿಸ್ ಇದ್ದವರಲ್ಲಿ ಶೇ. 63 ಮಾತ್ರ. ಅದಕ್ಕೇ ಸಿರೋಸಿಸ್ ಆದವರಿಗೆ ಡಕ್ಲಾಟಾಸ್ವಿರ್ ಬದಲು ವೆಲ್ಪಟಾಸ್ವಿರ್ ಕೊಡುತ್ತಾರೆ. ಸಿರೋಸಿಸ್ ಇದೆಯೇ ಎಂದು ನೋಡದೆ ಮಾತ್ರೆ ಶುರು ಮಾಡಬಾರದು ಎನ್ನುವುದು ಇದೇ ಕಾರಣಕ್ಕೆ.

ಮಾತ್ರೆ ನಿಲ್ಲಿಸಿ 12 ವಾರದ ಮೇಲೆ ಆರ್‌ಎನ್‌ಎ ಸೊನ್ನೆ. ಎಎಲ್‌ಟಿ 24ಕ್ಕೆ ಇಳಿಯಿತು. ವರ್ಷದೊಳಗೆ ಲಿವರಿನ ಕೊಬ್ಬು ಬಹುಪಾಲು ಹೋಯಿತು, ತೂಕದಲ್ಲಿ ಏನೂ ಬದಲಾವಣೆ ಇಲ್ಲದೆ. ಇದು ಈ ರೋಗಿಯೊಬ್ಬನ ಅದೃಷ್ಟ ಅಲ್ಲ. ವೈರಸ್ ಹೋದ ಮೇಲೆ ಜೀನೋಟೈಪ್ 3ರವರ ಕೊಬ್ಬು ಕರಗುತ್ತದೆ, ಜೀನೋಟೈಪ್ 1ರವರದು ಹಾಗೆ ಕರಗುವುದಿಲ್ಲ ಎಂದು 2000ದ ದಶಕದ ಆರಂಭದಲ್ಲೇ ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಬಯಾಪ್ಸಿಗಳನ್ನು ಹೋಲಿಸಿ ಹೇಳಿದ್ದರು. ಕೊಬ್ಬಿಗೆ ಕಾರಣ ವೈರಸ್ಸೇ ಎನ್ನುವುದಕ್ಕೆ ನನಗೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ಇದೇ. ಎಲ್‌ಡಿಎಲ್ 56ರಿಂದ 109ಕ್ಕೆ ಏರಿತು. ಮನೆಯವರು ಮಾತ್ರೆಯಿಂದ ಸೈಡ್ ಎಫೆಕ್ಟ್ ಆಯಿತು ಎಂದು ಗಾಬರಿಯಾದರು. ಲಿವರ್ ಮತ್ತೆ ಕೊಬ್ಬನ್ನು ಹೊರಗೆ ಕಳಿಸಲು ಶುರು ಮಾಡಿದೆ, ಅಷ್ಟೇ. ಆದರೂ ಇನ್ನು ಮುಂದೆ ಎಲ್ಲರ ಹಾಗೆ ಇವನೂ ಹೃದಯದ ಬಗ್ಗೆ ಲೆಕ್ಕ ಇಡಬೇಕು.

ಎಲ್ಲವೂ ಅಳಿಸಿಹೋಗುವುದಿಲ್ಲ. ವೈರಸ್ ಇದ್ದಾಗ ಲಿವರ್ ಜೀವಕೋಶದ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್‌ಗಳ ಮೇಲೆ ಬಿದ್ದ ಗುರುತುಗಳಲ್ಲಿ ಕೆಲವು ಗುಣವಾದ ಮೇಲೂ ಉಳಿದಿರುತ್ತವೆ ಎಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಬೌಮರ್ಟ್ ತಂಡ 2019ರಲ್ಲಿ ತೋರಿಸಿತು. ಕ್ಯಾನ್ಸರಿನ ಅಪಾಯ ಗುಣವಾದ ಮೇಲೆ ತುಂಬ ಕಡಿಮೆಯಾಗುತ್ತದೆ, ಸೊನ್ನೆ ಆಗುವುದಿಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು. ಸಿರೋಸಿಸ್ ಆಗಿದ್ದವರು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು. ನಮ್ಮ ರೋಗಿಗೆ ಅದು ಬೇಕಿಲ್ಲ.

ಅವನ ಫೈಲಿನಲ್ಲಿ ಡಾಕ್ಟರು ಕೊನೆಗೆ ಬರೆದದ್ದು ಇಷ್ಟು. ಆ್ಯಂಟಿಬಾಡಿ ಪರೀಕ್ಷೆ ಜೀವನಪೂರ್ತಿ ಪಾಸಿಟಿವ್ ಬರುತ್ತಿರಬಹುದು, ಅದರರ್ಥ ಸೋಂಕು ಇದೆ ಎಂದಲ್ಲ. ಮುಂದೆ ಯಾವ ಆಪರೇಷನ್‌ಗೆ ಹೋದರೂ ಆರ್‌ಎನ್‌ಎ ನೆಗೆಟಿವ್ ರಿಪೋರ್ಟು ಕೈಯಲ್ಲಿರಲಿ. ಒಮ್ಮೆ ಗುಣವಾದರೆ ಮತ್ತೆ ಬರುವುದಿಲ್ಲ ಎಂದೇನಿಲ್ಲ, ಬೇರೆಯವರ ರೇಜರ್, ಸೂಜಿ ಮುಟ್ಟಬೇಡಿ. ಹೆಂಡತಿಗೂ ಒಮ್ಮೆ ಪರೀಕ್ಷೆ ಮಾಡಿಸಿ.